ಸಂಘಕ್ಕೊಂದು ಸೈಟು

ನಮ್ಮ ಕಡೆ ಸಂಘವೊಂದು ಹುಟ್ಟುವುದಕ್ಕೆ ಒಂದು ಕ್ರಮ ಉಂಟು. ಮೊದಲು ಹೆಸರು, ಆಮೇಲೆ ಅಧ್ಯಕ್ಷರು, ಆಮೇಲೆ ರಬ್ಬರ್ ಸ್ಟಾಂಪು, ಕೊನೆಗೆ ರಶೀದಿ ಪುಸ್ತಕ. ರಶೀದಿ ಪುಸ್ತಕ ಅಚ್ಚಾಗಿ ಬಂದ ದಿನವೇ ಸಂಘ ನಿಜವಾಗಿ ಹುಟ್ಟಿತು ಅಂತ ಲೆಕ್ಕ. ಮರುದಿನದಿಂದ ಊರವರು ಆ ಹುಡುಗರನ್ನು ದೂರದಲ್ಲಿ ಕಂಡರೆ ದಾರಿ ಬದಲಿಸುತ್ತಾರೆ. ನರಿಕೊಂಬಿನಿಂದ ಹೊರಟು ಪಾಣೆಮಂಗಳೂರು, ಮೆಲ್ಕಾರ್ ಅಂತ ಒಂದು ಸುತ್ತು ಹಾಕಿ ಬನ್ನಿ. ಯುವಕ ಮಂಡಲ, ಮಹಿಳಾ ಮಂಡಲ, ಭಜನಾ ಮಂಡಳಿ, ಫ್ರೆಂಡ್ಸ್ ಸರ್ಕಲ್ ಎಂದು ಬ್ಯಾನರುಗಳು ಒಂದರ ಭುಜದ ಮೇಲೆ ಇನ್ನೊಂದು ಕೈಯಿಟ್ಟು ನಿಂತಿರುತ್ತವೆ. ನೇತ್ರಾವತಿಯಲ್ಲಿ ಬೇಸಗೆಗೆ ನೀರು ಕಡಿಮೆಯಾದೀತು, ನಮ್ಮಲ್ಲಿ ಸಂಘಗಳಿಗೆ ಬರ ಬಂದದ್ದಿಲ್ಲ.

ಈಚೆಗೆ ಈ ಕ್ರಮದಲ್ಲಿ ಸ್ವಲ್ಪ ವ್ಯತ್ಯಾಸವಾಗಿದೆ. ರಬ್ಬರ್ ಸ್ಟಾಂಪಿಗೂ ಮೊದಲು ವಾಟ್ಸ್ಆ್ಯಪ್ ಗ್ರೂಪು ಬರುತ್ತದೆ. ಅದರ ಬೆನ್ನಿಗೆ, ಸಂಘ ವಿದ್ಯಾರ್ಥಿಗಳದ್ದಾಗಿದ್ದರೆ, ವೆಬ್‌ಸೈಟಿನ ಆಸೆ ಬರುತ್ತದೆ.

ಪಕ್ಕದ ಮನೆಯ ಹುಡುಗಿ ಮೂಡುಬಿದಿರೆಯಲ್ಲಿ ಡಿಗ್ರಿ ಓದುತ್ತಾಳೆ. ಬೆಳಗ್ಗೆ ಬಿ.ಸಿ. ರೋಡಿಗೆ ಹೋಗಿ ಬಸ್ಸು ಹತ್ತಿದರೆ ಬಂಟ್ವಾಳ, ರಾಯಿ, ಸಿದ್ದಕಟ್ಟೆ ದಾಟಿ ಕಾಲೇಜು. ಲೋಕದ ಎಲ್ಲ ವಿಷಯವನ್ನೂ ಇತ್ಯರ್ಥ ಮಾಡುವುದಕ್ಕೆ ಆ ದಾರಿ ಧಾರಾಳವಾಯಿತು. ಈ ವರ್ಷ ಅವಳು ಸಾಹಿತ್ಯ ಸಂಘದ ಕಾರ್ಯದರ್ಶಿ. ಬಸ್ಸಿನಲ್ಲಿ ಇತ್ಯರ್ಥವಾಗದೆ ಉಳಿದ ವಿಷಯವೊಂದನ್ನು ಒಂದು ಭಾನುವಾರ ನಮ್ಮ ಜಗಲಿಗೆ ತಂದಳು, ಜೊತೆಗೆ ಕಮಿಟಿಯನ್ನೂ.

"ಮಾಮ, ನಮ್ಮ ಸಂಘಕ್ಕೆ ಒಂದು ಸೈಟು ಬೇಕು."

"ಎಷ್ಟು ಸೆಂಟ್ಸು?" ಅಂದೆ.

"ಅಯ್ಯೋ, ಆ ಸೈಟಲ್ಲ ಮಾರಾಯ್ರೆ. ವೆಬ್‌ಸೈಟು! ಯಾವುದರಲ್ಲಿ ಮಾಡುದು ಅಂತಲೇ ಗೊತ್ತಾಗ್ತಾ ಇಲ್ಲ."

ಬ್ಯಾಂಕಿನಿಂದ ನಿವೃತ್ತನಾದವನನ್ನು ಯಾಕೆ ಕೇಳುತ್ತಾರೆ ಅಂತ ನಿಮಗನಿಸಬಹುದು. ಬ್ಯಾಂಕಿಗೆ ಕಂಪ್ಯೂಟರು ಬಂದ ಕಾಲದಲ್ಲಿ ಅದರ ಎದುರು ಕೂತವ ಎಂಬ ಖ್ಯಾತಿ ನನಗೆ ಊರಲ್ಲಿ ಇನ್ನೂ ಉಂಟು. ನಮ್ಮಲ್ಲಿ ಖ್ಯಾತಿಗೆ ವಾಯಿದೆ ಮುಗಿಯುವುದಿಲ್ಲ.

ಕಮಿಟಿಯಲ್ಲಿ ಐದು ಜನ, ಅಭಿಪ್ರಾಯ ಏಳು. ಅಧ್ಯಕ್ಷನಿಗೆ ವಿಕ್ಸ್ ಆಗಬೇಕು, ಫೋಟೋ ಎಳೆದು ಬಿಟ್ಟಲ್ಲಿ ಕೂರುತ್ತದೆ, ನೋಡುವುದಕ್ಕೂ ಚಂದ. ಕೋಶಾಧಿಕಾರಿಗೆ ಬ್ಲಾಗರ್, ಅದು ಧರ್ಮಕ್ಕೆ ಸಿಗುತ್ತದೆ ಎಂಬಲ್ಲಿಗೆ ಅವನ ವಾದ ಮುಗಿಯಿತು. ಬಿಸಿಎ ಓದುವ ಹುಡುಗನೊಬ್ಬ ಸಾಹಿತ್ಯದ ಮೇಲಿನ ಪ್ರೀತಿಯಿಂದಲೋ ಸಾಹಿತ್ಯ ಸಂಘದಲ್ಲಿರುವ ಯಾರ ಮೇಲಿನ ಪ್ರೀತಿಯಿಂದಲೋ ಸೇರಿದ್ದಾನೆ. ಅವನು ಎಲ್ಲವನ್ನೂ ತಾನೇ ಕೋಡ್ ಬರೆದು ಗಿಟ್‌ಹಬ್‌ನಲ್ಲಿ ಇಡುತ್ತೇನೆ ಅನ್ನುತ್ತಾನೆ. ಇನ್ನೊಬ್ಬಳಿಗೆ ಇನ್‌ಸ್ಟಾಗ್ರಾಮ್ ಇರುವಾಗ ವೆಬ್‌ಸೈಟ್ ಎಂಬ ರಗಳೆಯೇ ಬೇಡ. ಸಂಘದ ಸಲಹೆಗಾರರಾದ ಲೆಕ್ಚರರು ಒಂದೇ ಮಾತು ಹೇಳಿ ಕಳಿಸಿದ್ದಾರಂತೆ: "ಎಂತದ್ದರಲ್ಲಾದರೂ ಮಾಡಿ, ಪ್ರಿನ್ಸಿಪಾಲರ ಫೋಟೋ ಮೇಲೆ ಇರಲಿ."

ನಮ್ಮ ಕಾಲದಲ್ಲಿ ಇಷ್ಟೆಲ್ಲ ಪಂಚಾತಿಕೆ ಇರಲಿಲ್ಲ. ಭಿತ್ತಿಪತ್ರಿಕೆ ಇತ್ತು. ಲೈಬ್ರರಿಯ ಪಕ್ಕ ಗೋಡೆಗೆ ಹೊಡೆದ ಒಂದು ಹಲಗೆ, ಅದಕ್ಕೆ ಗಾಜಿನ ಬಾಗಿಲು, ಬಾಗಿಲಿಗೆ ಬೀಗ, ಬೀಗದ ಕೈ ಅಟೆಂಡರ ಸೊಂಟದಲ್ಲಿ. ಅಕ್ಷರ ಚಂದ ಇದ್ದವ ಸಂಪಾದಕ. ಅಟೆಂಡರು ರಜೆಯಲ್ಲಿದ್ದರೆ ಸಂಚಿಕೆ ಇಲ್ಲ. ಮೂರು ವರ್ಷ ಬರೆದದ್ದೆಲ್ಲ ಎಲ್ಲಿ ಹೋಯಿತು ಅಂತ ಯಾರೂ ಕೇಳಲಿಲ್ಲ, ಹೊಸ ಹಾಳೆ ಅಂಟಿಸುವಾಗ ಹಳೆಯದು ಕಿತ್ತು ಹೋಗುತ್ತಿತ್ತು. ಅದರಲ್ಲಿ ಬಂದ ನನ್ನ ಕವಿತೆಗಳಿಗೆ ಅದಕ್ಕಿಂತ ಒಳ್ಳೆಯ ಗತಿ ಸಿಗುತ್ತಿರಲಿಲ್ಲ, ಅದು ಬೇರೆ ವಿಷಯ. ಈಗಿನ ಮಕ್ಕಳ ಗೋಡೆ ದೊಡ್ಡದು, ದುಬೈಯಲ್ಲಿ ಕೂತವನಿಗೂ ಕಾಣುತ್ತದೆ. ಆದರೆ ಗೋಡೆ ಯಾರದ್ದು, ಬೀಗದ ಕೈ ಯಾರ ಸೊಂಟದಲ್ಲಿ ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಜಾಗದ ಪ್ರಶ್ನೆ ಬಂದರೆ ನಮ್ಮ ಜಿಲ್ಲೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇಲ್ಲಿ ಭೂಮಿ ಇದ್ದದ್ದೇ ಗೇಣಿಯ ಲೆಕ್ಕದಲ್ಲಿ. ಮೂಲಗೇಣಿ ಅಂದರೆ ಶಾಶ್ವತ, ಗೇಣಿ ನಿಗದಿ, ಅಪ್ಪನಿಂದ ಮಗನಿಗೆ ಬರುವಂಥದ್ದು. ವಾಯಿದೆಗೇಣಿ ಅಂದರೆ ಇಂತಿಷ್ಟು ವರ್ಷಕ್ಕೆ ಅಂತ ಬರೆದುಕೊಂಡದ್ದು. ಚಾಲಗೇಣಿ ವರ್ಷದಿಂದ ವರ್ಷಕ್ಕೆ. ಧಣಿಗಳ ಮನಸ್ಸು ಬದಲಾದರೆ ಒಕ್ಕಲು ಎದ್ದು ಹೋಗಬೇಕು. ಮುಡಿ ಅಕ್ಕಿ ಅಳೆದು ಕೊಟ್ಟ ಅಜ್ಜಂದಿರಿಗೆ ಈ ಮೂರರ ವ್ಯತ್ಯಾಸ ಹೊಟ್ಟೆಯಲ್ಲಿ ಗೊತ್ತಿತ್ತು. 1974 ಅಂದರೆ ಈಗಲೂ ನಮ್ಮ ಹಿರಿಯರಿಗೆ ಎರಡು ನೆನಪು: ಒಂದು ನೇತ್ರಾವತಿಯ ಬೊಳ್ಳ, ಇನ್ನೊಂದು ದೇವರಾಜ ಅರಸರ ಭೂಸುಧಾರಣೆ. ಒಂದು ಗದ್ದೆಯನ್ನು ಮುಳುಗಿಸಿತು, ಇನ್ನೊಂದು ಉಳುವವನಿಗೆ ಕೊಟ್ಟಿತು. ಏಳನೇ ನಂಬ್ರ ಫಾರ್ಮು ತುಂಬಿಸಿ ಪಡೆದ ಗದ್ದೆಯನ್ನು ಈಗಲೂ "ಡಿಕ್ಲರೇಶನ್ನಲ್ಲಿ ಬಂದ ಜಾಗ" ಅನ್ನುತ್ತೇವೆ.

ಇಂಟರ್ನೆಟ್ಟಿನಲ್ಲಿ ಡಿಕ್ಲರೇಶನ್ ಇಲ್ಲ. ಬ್ಲಾಗರ್, ವಿಕ್ಸ್, ಇನ್‌ಸ್ಟಾಗ್ರಾಮ್ ಎಲ್ಲ ಶುದ್ಧ ಚಾಲಗೇಣಿ. ಗೇಣಿ ಸೊನ್ನೆ ಎಂಬ ಕಾರಣಕ್ಕೆ ಅದು ಮೂಲಗೇಣಿ ಆಗುವುದಿಲ್ಲ. ವಿಳಾಸದ ಹೆಸರು, ಅಂದರೆ ಡೊಮೈನು, ವಾಯಿದೆಗೇಣಿ. ದುಡ್ಡು ಕೊಟ್ಟರೂ ಒಂದು ಸಲಕ್ಕೆ ಹೆಚ್ಚೆಂದರೆ ಹತ್ತು ವರ್ಷಕ್ಕೆ ಬರೆದುಕೊಡುತ್ತಾರೆ, ಆಮೇಲೆ ಪುನಃ ಕಟ್ಟಬೇಕು. ಮೂಲಗೇಣಿ ಎಂಬುದು ಅಲ್ಲಿ ಯಾರಿಗೂ ಇಲ್ಲ. ಹಾಗಾದರೆ ಚಾಲಗೇಣಿಯ ಒಕ್ಕಲು ಏನು ಮಾಡಬೇಕು? ಬುದ್ಧಿಯಿರುವವ ಅಂಥ ಜಾಗದಲ್ಲಿ ಅಡಿಕೆ ಗಿಡ ನೆಡುತ್ತಿರಲಿಲ್ಲ. ಅಡಿಕೆ ಫಲಕ್ಕೆ ಬರುವುದಕ್ಕೆ ವರ್ಷಗಳು ಬೇಕು, ಎದ್ದು ಹೋಗುವಾಗ ತೋಟವನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗುವುದಕ್ಕಾಗುವುದಿಲ್ಲ. ಭತ್ತ ಬಿತ್ತುತ್ತಿದ್ದ, ಕೊಯ್ದು ಹೊತ್ತು ಹೋಗಬಹುದಾದದ್ದು. ವಿದ್ಯಾರ್ಥಿ ಸಂಘಕ್ಕೆ ನಾನು ಹೇಳುವುದು ಇಷ್ಟೇ: ಪುಕ್ಕಟೆ ಜಾಗ ಆಗಬಹುದು, ಅದರಲ್ಲಿ ಹೊತ್ತುಕೊಂಡು ಹೋಗಬಹುದಾದ ಬೆಳೆ ಮಾತ್ರ ಬೆಳೆಯಿರಿ.

ಎಬ್ಬಿಸುವ ಕಾಲ ಬರುತ್ತದೆಯೇ ಅಂತ ಅಧ್ಯಕ್ಷ ನಕ್ಕ. ಅವನು ಹುಟ್ಟುವ ಹೊತ್ತಿಗೆ ಜಿಯೋಸಿಟೀಸ್ ಎಂಬುದರ ಹೆಸರು ಮಾಸಿತ್ತು. ಒಂದು ಕಾಲದಲ್ಲಿ ಲೋಕದ ಅರ್ಧ ಮಂದಿ ತಮ್ಮ ಮೊದಲ ವೆಬ್ ಪುಟ ಮಾಡಿದ್ದು ಅಲ್ಲೇ ಎನ್ನುವಷ್ಟು ಅದರ ಭರಾಟೆ. ಅಲ್ಲಿ ಪುಟಗಳಿಗೆ ಊರು, ಕೇರಿ, ಮನೆ ನಂಬ್ರ ಎಲ್ಲ ಇದ್ದವು. 1999ರಲ್ಲಿ ಯಾಹೂ ಅದನ್ನು ಶತಕೋಟಿಗಟ್ಟಲೆ ಡಾಲರ್ ಬೆಲೆಗೆ ಕೊಂಡಿತು, 2009ರ ಅಕ್ಟೋಬರಿನಲ್ಲಿ ಊರಿಗೆ ಊರೇ ನೆಲಸಮ. ಕೆಲವು ಸ್ವಯಂಸೇವಕರು ರಾತ್ರಿ ಹಗಲು ನಕಲು ಮಾಡಿ ಕೈಗೆ ಸಿಕ್ಕಿದಷ್ಟನ್ನು ಉಳಿಸಿದರು. ನಮ್ಮ ಹುಡುಗರು ಒಂದು ಕಾಲದಲ್ಲಿ ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟು ಅಂತ ಕೊಟ್ಟು ಕೂತು ಬೆಳೆಸಿದ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಗೂಗಲ್ ಪ್ಲಸ್ 2019ರ ಏಪ್ರಿಲಿನಲ್ಲಿ. ಕಂಪನಿ ದೊಡ್ಡದು ಎಂಬುದು ಧೈರ್ಯಕ್ಕೆ ಕಾರಣವಲ್ಲ. ನಮ್ಮ ಅವಿಭಜಿತ ಜಿಲ್ಲೆಯಲ್ಲೇ ಹುಟ್ಟಿ ಬೆಳೆದ ವಿಜಯಾ ಬ್ಯಾಂಕು 2019ರಲ್ಲಿ, ಕಾರ್ಪೊರೇಶನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳ ಒಳಗೆ ಸೇರಿಹೋದವು. ಅಷ್ಟು ಗಟ್ಟಿ ಕಟ್ಟಡಗಳ ಬೋರ್ಡು ಇಳಿದದ್ದನ್ನು ನೋಡಿದ ಮೇಲೂ ಪುಕ್ಕಟೆ ವೆಬ್ ಪುಟ ಶಾಶ್ವತ ಅಂತ ನಂಬುವುದು ಹೇಗೆ?

ಜಾಗ ಬದಲಿಸುವುದು ಅವಮಾನವೂ ಅಲ್ಲ. ಕನ್ನಡದ ಮೊದಲ ಪತ್ರಿಕೆಯೇ ಜಾಗ ಬದಲಿಸಿದೆ. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿ ಬರುತ್ತಿತ್ತು, ಅಂದರೆ ಕಲ್ಲಿನ ಮೇಲೆ ಕೈಬರಹ ಮೂಡಿಸಿ ಒತ್ತುವುದು. ಮರುವರ್ಷ ಮೊಳೆ ಅಚ್ಚಿನ ಅನುಕೂಲ ಹುಡುಕಿ ಪತ್ರಿಕೆ ಬಳ್ಳಾರಿಗೆ ಹೋಯಿತು, ಹೆಸರೂ 'ಕನ್ನಡ ಸಮಾಚಾರ' ಆಯಿತು. ಇವತ್ತಿಗೂ ಜುಲೈ 1 ನಮಗೆ ಪತ್ರಿಕಾ ದಿನ, ಕಲ್ಲಚ್ಚೋ ಮೊಳೆ ಅಚ್ಚೋ ಎಂದು ಆ ದಿನದ ಭಾಷಣಗಳಲ್ಲಿ ಯಾರೂ ಜಗಳ ಮಾಡುವುದಿಲ್ಲ. ಕಾರ್ಯದರ್ಶಿ ಹುಡುಗಿಗೆ ಈ ಕತೆ ಹಿಡಿಸಿತು. ಕೋಶಾಧಿಕಾರಿ ಮಾತ್ರ "ಬಳ್ಳಾರಿಗೆ ಸಾಗಿಸಿದ ಖರ್ಚು ಯಾರು ಕೊಟ್ಟದ್ದು?" ಅಂತ ಕೇಳಿದ. ಕೋಶಾಧಿಕಾರಿಗಳು ಎಲ್ಲ ಕಾಲದಲ್ಲೂ ಒಂದೇ.

ಸರಿ, ಒಂದೊಂದನ್ನೇ ನೋಡುವ ಅಂತ ಕೂತೆವು. ಚಹಾ ಒಂದು ಸುತ್ತು ಬಂತು.

ಇನ್‌ಸ್ಟಾಗ್ರಾಮ್ ಕೂಗಿ ಹೇಳುವುದಕ್ಕೆ ಒಳ್ಳೆಯದು, ಕೂಡಿಡುವುದಕ್ಕೆ ಆಗದು. ನಾಳೆಯ ಕವಿಗೋಷ್ಠಿಗೆ ಜನ ಸೇರಿಸಬೇಕಾದರೆ ಅದೇ ಆಗಬೇಕು, ಹೋದ ವರ್ಷದ ಕವಿಗೋಷ್ಠಿಯಲ್ಲಿ ಯಾರು ಏನು ಓದಿದರು ಅಂತ ನೋಡಬೇಕಾದರೆ ಬೆರಳು ಸವೆಯುವವರೆಗೆ ಉಜ್ಜಬೇಕು. ಖಾತೆ ಇಲ್ಲದ ಅಜ್ಜನನ್ನು ಅದು ಬಾಗಿಲಲ್ಲೇ ತಡೆಯುತ್ತದೆ.

ಬ್ಲಾಗರ್ ಮುದುಕ. 1999ರಲ್ಲಿ ಹುಟ್ಟಿತು, 2003ರಲ್ಲಿ ಗೂಗಲ್ಲಿನ ಮನೆ ಸೇರಿತು, ಅಲ್ಲಿಂದ ಈಚೆಗೆ ಹೊಸ ಅಂಗಿ ಹೊಲಿಸಿಕೊಂಡದ್ದು ಕಡಿಮೆ. ಆದರೆ ಬರೆದದ್ದನ್ನೆಲ್ಲ ಒಂದು ಫೈಲಾಗಿ ಇಳಿಸಿಕೊಂಡು ಹೋಗುವುದಕ್ಕೆ ಬಿಡುತ್ತದೆ, ಅಂಥ ಗುಣ ಎಲ್ಲ ಧಣಿಗಳಿಗೂ ಇಲ್ಲ. ವಿಕ್ಸ್‌ನಲ್ಲಿ ಚಂದವಾಗಿ ಕಟ್ಟಬಹುದು, ಕಟ್ಟಿದ್ದನ್ನು ಹಾಗೆಯೇ ಎತ್ತಿ ಬೇರೆ ಕಡೆ ಇಡುವುದಕ್ಕೆ ಆಗುವುದಿಲ್ಲ. ಅದು ಅಡಿಕೆ ತೋಟ.

ಗಿಟ್‌ಹಬ್‌ನ ವಿಷಯಕ್ಕೆ ಬಂದಾಗ ಬಿಸಿಎ ಹುಡುಗ ನೆಟ್ಟಗೆ ಕೂತ. ಅವನ ವಾದದಲ್ಲಿ ಹುರುಳಿತ್ತು. ಬರಿಯ ಪುಟಗಳನ್ನು ಅಲ್ಲಿ ಕಾಸಿಲ್ಲದೆ ಇಡಬಹುದು. ಡೇಟಾಬೇಸು ಎಂಬ ರಗಳೆ ಇಲ್ಲ, ಒಡೆದು ಒಳಗೆ ನುಗ್ಗುವುದಕ್ಕೆ ಬಾಗಿಲೂ ಕಡಿಮೆ. ಪ್ರತಿಯೊಂದು ಬದಲಾವಣೆಗೂ ದಾಖಲೆ ಇರುತ್ತದೆ. ಇಡೀ ಸೈಟು ಒಂದು ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ. ಭತ್ತ ಅಂದರೆ ಇದೇ. "ಆದರೆ ತಮ್ಮ, ನೀನು ಮುಂದಿನ ವರ್ಷ ಎಲ್ಲಿರುತ್ತಿ?" ಅಂತ ಕೇಳಿದೆ. "ಬೆಂಗಳೂರಲ್ಲಿ, ಕೆಲಸ ಸಿಕ್ಕಿದರೆ." "ಇವಳಿಗೆ ಒಂದು ಕವಿತೆ ಹಾಕಬೇಕಾದರೆ?" "ಫೋನು ಮಾಡ್ಲಿ." ಹುಡುಗಿಯ ಮುಖ ನೋಡಿದರೆ ಅವಳಿಗೆ ಆ ಏರ್ಪಾಡು ಒಪ್ಪಿಗೆ ಇದ್ದ ಹಾಗೆ ಕಂಡಿತು. ಸಂಘದ ಬೈಲಾದಲ್ಲಿ ಅದನ್ನು ಬರೆಯುವುದು ಹೇಗೆ ಅಂತ ನನಗೆ ತೋಚಲಿಲ್ಲ.

ವರ್ಡ್‌ಪ್ರೆಸ್ಸಿನ ಕತೆ ಸ್ವಲ್ಪ ಉದ್ದ, ಆದರೆ ನಮ್ಮ ವಿಷಯಕ್ಕೆ ಅದಕ್ಕಿಂತ ಒಳ್ಳೆಯ ಕತೆ ಇಲ್ಲ. ಮೊದಲು ಬಿ2 ಎಂಬ ಒಂದು ತಂತ್ರಾಂಶ ಇತ್ತು. ಅದನ್ನು ಬರೆದವ ಒಂದು ದಿನ ಕಾಣೆಯಾದ ಹಾಗೆ ಸುದ್ದಿಯಿಲ್ಲದೆ ಸುಮ್ಮನಾದ. ಬೇರೆ ತಂತ್ರಾಂಶವಾಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಇದು ಮುಕ್ತ ಪರವಾನಗಿಯದ್ದು, ಯಾರು ಬೇಕಾದರೂ ಎತ್ತಿಕೊಂಡು ಮುಂದುವರಿಸಬಹುದಿತ್ತು. ಅಮೆರಿಕದಲ್ಲಿ ಹತ್ತೊಂಬತ್ತು ವರ್ಷದ ಕಾಲೇಜು ಹುಡುಗ ಮ್ಯಾಟ್ ಮುಲ್ಲೆನ್‌ವೆಗ್, ಇಂಗ್ಲೆಂಡಿನಲ್ಲಿ ಮೈಕ್ ಲಿಟ್ಲ್, ಇಬ್ಬರೂ ಸೇರಿ ಎತ್ತಿಕೊಂಡರು. 2003ರ ಮೇ 27ಕ್ಕೆ ವರ್ಡ್‌ಪ್ರೆಸ್ ಹೊರಬಂತು. ಇವತ್ತು ಲೋಕದ ವೆಬ್‌ಸೈಟುಗಳಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ನಡೆಯುವುದು ಅದರ ಮೇಲೆ. ಕಟ್ಟಿದವ ಬಿಟ್ಟು ಹೋದ ಮೇಲೂ ಕೆಲಸ ನಿಲ್ಲಲಿಲ್ಲ ಎಂಬುದು ವಿದ್ಯಾರ್ಥಿ ಸಂಘ ಕಲಿಯಬೇಕಾದ ಪಾಠ. ಸಂಘದ ಸದಸ್ಯರೆಲ್ಲ ಮೂರು ವರ್ಷಕ್ಕೆ ಖಾಲಿಯಾಗುವವರೇ ತಾನೆ? ಭಜನಾ ಮಂಡಳಿಯಲ್ಲಾದರೆ ತಬಲಾ ಬಾರಿಸುವವರು ಮೂವತ್ತು ವರ್ಷದಿಂದ ಅವರೇ ಇರುತ್ತಾರೆ, ಬಾರಿಸುವುದು ಬೇಡ ಅಂದರೂ ಇರುತ್ತಾರೆ.

ವರ್ಡ್‌ಪ್ರೆಸ್ಸಿಗೆ ಎರಡು ದಾರಿ ಉಂಟು. ಅವರದ್ದೇ ಜಾಗದಲ್ಲಿ ಪುಕ್ಕಟೆಯಾಗಿ ತೆರೆಯುವುದು ಒಂದು. ತಂತ್ರಾಂಶವನ್ನು ಇಳಿಸಿಕೊಂಡು ನಾವೇ ಬಾಡಿಗೆ ಹಿಡಿದ ಸರ್ವರಿನಲ್ಲಿ ಕೂರಿಸುವುದು ಇನ್ನೊಂದು. ಎರಡನೆಯದರಲ್ಲಿ ಸ್ವಾತಂತ್ರ್ಯ ಹೆಚ್ಚು, ಮಂಡೆಬಿಸಿಯೂ ಹೆಚ್ಚು. ಪ್ಲಗಿನ್ನುಗಳನ್ನು ಕಾಲಕಾಲಕ್ಕೆ ಅಪ್‌ಡೇಟ್ ಮಾಡದಿದ್ದರೆ ಯಾವನೋ ಒಳಗೆ ನುಗ್ಗಿ ಕವಿತೆಗಳ ನಡುವೆ ಮಾತ್ರೆಯ ಜಾಹೀರಾತು ತೂರಿಸುತ್ತಾನೆ. ಬಾಡಿಗೆಯೂ ಮೊದಲ ವರ್ಷ ಆಫರಿನಲ್ಲಿ ಅಗ್ಗ, ಎರಡನೇ ವರ್ಷ ಅದರ ನಿಜವಾದ ಮುಖ ಕಾಣುತ್ತದೆ, ಅಷ್ಟು ಹೊತ್ತಿಗೆ ಕೋಶಾಧಿಕಾರಿ ಬದಲಾಗಿರುತ್ತಾನೆ. ಸಣ್ಣ ಸಂಘಕ್ಕೆ ಮೊದಲನೆಯದೇ ಸಾಕು. ಬೇಕಾದಾಗ ಎಲ್ಲವನ್ನೂ ಇಳಿಸಿಕೊಂಡು ಎರಡನೆಯದಕ್ಕೆ ಹೋಗಬಹುದು, ಹೋಗುವ ದಾರಿ ತೆರೆದಿದೆ.

ಇಷ್ಟಾದ ಮೇಲೆ ಹುಡುಗಿ ಹಳೆಯ ಕಾರ್ಯಕ್ರಮಗಳ ಫೈಲುಗಳನ್ನು ತೋರಿಸಿದಳು. ಅರ್ಧದಷ್ಟು ಪೋಸ್ಟರುಗಳು, ಅಕ್ಷರಗಳೆಲ್ಲ ಚಿತ್ರದೊಳಗೆ. ಇನ್ನರ್ಧ ಆಫೀಸಿನ ಕಂಪ್ಯೂಟರಿನಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪಾದದ್ದು. ಮೊಬೈಲಿನಲ್ಲಿ ತೆರೆದರೆ ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ, ಭೂತದ ಬರಹ. ವೇದಿಕೆ ಯಾವುದೇ ಆಗಲಿ, ಇದನ್ನು ಮೊದಲು ಸರಿ ಮಾಡಬೇಕು. ಯೂನಿಕೋಡಿನಲ್ಲಿ ಬರೆದ ಕನ್ನಡ ಎಲ್ಲಿಗೆ ಹೋದರೂ ಕನ್ನಡವಾಗಿಯೇ ಉಳಿಯುತ್ತದೆ; ಹುಡುಕಿದರೆ ಸಿಗುತ್ತದೆ, ಕಣ್ಣು ಕಾಣದವರಿಗೆ ಯಂತ್ರ ಓದಿ ಹೇಳುತ್ತದೆ. ಪೋಸ್ಟರಿನೊಳಗಿನ ಕವಿತೆಗೆ ಆ ಭಾಗ್ಯ ಖಾತ್ರಿಯಿಲ್ಲ. ಇಲ್ಲಿ ನಾವು ಕೆ.ಪಿ. ರಾಯರನ್ನು ನೆನೆಯಬೇಕು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ಇವತ್ತು ನಾವು ಕನ್ನಡ ಕುಟ್ಟುವ ಕೀಲಿಮಣೆಯ ವಿನ್ಯಾಸಕ್ಕೆ ಮೂಲ ಅವರದ್ದು. ತಮ್ಮ ತಂತ್ರಾಂಶಕ್ಕೆ ಅವರು ನಮ್ಮ ಜಿಲ್ಲೆಯ ಛಂದಸ್ಸಿನ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ 'ಸೇಡಿಯಾಪು' ಎಂದು ಹೆಸರಿಟ್ಟು, ಕಾಸು ಕೇಳದೆ ಹಂಚಿದರು. ಲೋಕದ ಕಂಪನಿಗಳು ತಂತ್ರಾಂಶಕ್ಕೆ ಹಣ್ಣಿನ ಹೆಸರಿಡುವ ಕಾಲದಲ್ಲಿ ಪಂಡಿತರ ಹೆಸರಿಟ್ಟವರು ಅವರೊಬ್ಬರೇ ಇರಬೇಕು.

ನಕಲು ಇಡಬೇಕು ಅಂತ ಹೇಳುವುದಕ್ಕೆ ನನಗೆ ಕಂಪ್ಯೂಟರಿನ ಉದಾಹರಣೆ ಬೇಕಾಗಿಲ್ಲ, ಅವರ ಕಾಲೇಜಿನ ಊರೇ ಸಾಕು. ಮೂಡುಬಿದಿರೆಗೆ ಹೋದವರು ಸಾವಿರ ಕಂಬದ ಬಸದಿ ನೋಡಿ ಫೋಟೋ ತೆಗೆದು ಬರುತ್ತಾರೆ. ಅಲ್ಲೇ ಗುರುಬಸದಿಯಲ್ಲಿ ಧವಳಾ, ಜಯಧವಳಾ, ಮಹಾಧವಳಾ ಎಂಬ ತಾಳೆಗರಿ ಗ್ರಂಥಗಳು ಶತಮಾನಗಟ್ಟಲೆ ಉಳಿದವು. ಧವಳಾ 9ನೇ ಶತಮಾನದ ವೀರಸೇನಾಚಾರ್ಯರ ಟೀಕೆ. ಭಾಷೆ ಪ್ರಾಕೃತ–ಸಂಸ್ಕೃತ, ಲಿಪಿ ಹಳಗನ್ನಡದ್ದು. ಭಕ್ತರಿಗೆ ದರ್ಶನ ಸಿಗುತ್ತಿತ್ತು, ಓದು ಸಿಗುತ್ತಿರಲಿಲ್ಲ. ಅಷ್ಟು ದೊಡ್ಡ ಗ್ರಂಥಕ್ಕೆ ಗತಿ ಎಂದರೆ ಆ ಒಂದು ಊರು. ಒಂದು ಬೆಂಕಿ, ಒಂದು ಗೆದ್ದಲು ಸಾಕಿತ್ತು. 19ನೇ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಶುರುವಾಗಿ, ಪ್ರತಿಗಳು ಉತ್ತರಕ್ಕೆ ಹೋಗಿ, 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಳಾದ ಮೊದಲ ಸಂಪುಟ ಅಚ್ಚಾಯಿತು. ಒಟ್ಟು 16 ಸಂಪುಟಗಳಾದವು. ಕಾಪಾಡಿದವರೂ ದೊಡ್ಡವರು, ಪ್ರತಿ ಮಾಡಿದವರೂ ದೊಡ್ಡವರು. ಸಾಹಿತ್ಯ ಸಂಘದ ಕವಿತೆಗಳು ಧವಳಾ ಅಲ್ಲ, ಒಪ್ಪಿದೆ. ಹಾಗಾದರೆ ವರ್ಷಕ್ಕೊಮ್ಮೆ ಇಳಿಸಿ ಲೈಬ್ರರಿಯಲ್ಲಿ ಒಂದು, ಲೆಕ್ಚರರ ಹತ್ತಿರ ಒಂದು ಪ್ರತಿ ಇಡುವುದಕ್ಕೆ ಅಷ್ಟು ಕಷ್ಟವೂ ಇಲ್ಲ.

ಇನ್ನೊಂದು ದಾರಿಯನ್ನೂ ಹೇಳಿದೆ. ಎಲ್ಲ ಬರಹಕ್ಕೂ ಸ್ವಂತ ಸೈಟು ಯಾಕೆ ಬೇಕು? ಮೂಡುಬಿದಿರೆಯ ಆಳ್ವಾಸ್ ಮತ್ತು ಉಜಿರೆಯ ಎಸ್‌ಡಿಎಂ ಕಾಲೇಜುಗಳ ವಿದ್ಯಾರ್ಥಿಗಳು ಗುಂಪು ಕಟ್ಟಿಕೊಂಡು ವಿಕಿಪೀಡಿಯದಲ್ಲಿ ಕನ್ನಡ, ತುಳು ಲೇಖನ ಬರೆದದ್ದುಂಟು. ಹಲವು ವರ್ಷ ಪರೀಕ್ಷೆಯ ತೊಟ್ಟಿಲಲ್ಲಿದ್ದ ತುಳು ವಿಕಿಪೀಡಿಯ 2016ರ ಆಗಸ್ಟಿನಲ್ಲಿ ಸ್ವಂತ ಮನೆಗೆ ಬಂತು. ಊರಿನ ದೈವಸ್ಥಾನ, ಕೆರೆ, ಆಚರಣೆಗಳ ಬಗ್ಗೆ ಆಧಾರ ಸಹಿತ ಬರೆದರೆ ಅಲ್ಲಿಗೆ ಸಲ್ಲುತ್ತದೆ. ಬಾಡಿಗೆಯ ಚಿಂತೆ ಇಲ್ಲ, ತಪ್ಪಿದ್ದರೆ ತಿದ್ದುವುದಕ್ಕೆ ಜನ ಇದ್ದಾರೆ. ಕವಿತೆ ಮಾತ್ರ ಅಲ್ಲಿ ಹಾಕುವ ಹಾಗಿಲ್ಲ ಅಂದಾಗ ಅಧ್ಯಕ್ಷನ ಉತ್ಸಾಹ ಇಳಿಯಿತು.

ಕೊನೆಗೆ ಉಳಿದದ್ದು ಬೀಗದ ಕೈ. ನಾನು ನೋಡಿದ ಮಟ್ಟಿಗೆ ಸಂಘಗಳ ವೆಬ್‌ಸೈಟು ಸಾಯುವುದು ವೇದಿಕೆ ಕೆಟ್ಟು ಅಲ್ಲ. ಖಾತೆ ತೆರೆದವನ ಸ್ವಂತ ಇಮೇಲು, ಸ್ವಂತ ಮೊಬೈಲು ನಂಬ್ರ; ಅವನು ಪಾಸಾಗಿ ದುಬೈಗೆ ಹಾರುತ್ತಾನೆ, ಊರಿನ ಸಿಮ್ಮು ಸತ್ತಿರುತ್ತದೆ, ಒಟಿಪಿ ಅದಕ್ಕೇ ಹೋಗುತ್ತದೆ. ಡೊಮೈನು ನವೀಕರಿಸಿ ಎಂಬ ಪತ್ರ ಮೇಲಿಂದ ಮೇಲೆ ಅವನ ಹಳೆಯ ಇಮೇಲಿಗೆ ಬಂದು ಬೀಳುತ್ತದೆ. ವಾಯಿದೆ ಮುಗಿದು, ಕೃಪಾಕಾಲವೂ ಮುಗಿದ ಮೇಲೆ ಹೆಸರು ಬಿಡುಗಡೆಯಾಗುತ್ತದೆ. ಅಂಥ ಹೆಸರುಗಳಿಗೆ ಬಾಯಿ ತೆರೆದು ಕಾಯುವವರು ಲೋಕದಲ್ಲಿ ಬೇಕಾದಷ್ಟು ಇದ್ದಾರೆ. ಸಾಹಿತ್ಯ ಸಂಘದ ವಿಳಾಸ ಒತ್ತಿದ ಹಳೆಯ ಲೆಕ್ಚರರಿಗೆ ಜೂಜಿನ ಚಕ್ರ ತಿರುಗುವುದು ಕಂಡರೆ ಅದು ಯಾವ ವೇದಿಕೆಯ ತಪ್ಪೂ ಅಲ್ಲ.

ಆದ್ದರಿಂದ ನನ್ನ ತೀರ್ಪು ಹೀಗೆ ಆಯಿತು. ವೇದಿಕೆ ವರ್ಡ್‌ಪ್ರೆಸ್ ಆಗಲಿ, ಬ್ಲಾಗರ್ ಆದರೂ ಅಡ್ಡಿಯಿಲ್ಲ. ಖಾತೆ ಸಂಘದ ಹೆಸರಿನ ಇಮೇಲಿನಲ್ಲಿ ಇರಲಿ, ಅದಕ್ಕೆ ಕೊಡುವ ನಂಬ್ರ ಕಾಲೇಜು ಬಿಟ್ಟು ಹೋಗದವರದ್ದಾಗಲಿ. ಡೊಮೈನು ಬೇಕೇ ಬೇಕಾದರೆ ಅದರ ದುಡ್ಡು ಬಜೆಟ್ಟಿನಲ್ಲಿ ಪ್ರತಿ ವರ್ಷ ಒಂದು ಸಾಲಾಗಿ ಬರಲಿ. ಬಿಸಿಎ ಹುಡುಗ ಸೈಟು ಮಾಡಿಕೊಟ್ಟರೆ ಸಂತೋಷ, ಅವನಿಲ್ಲದೆ ಅದು ನಡೆಯುತ್ತದೋ ಅಂತ ಅವನು ಇರುವಾಗಲೇ ನೋಡಬೇಕು.

"ಅದನ್ನು ನೋಡುದು ಹೇಗೆ ಮಾಮ?" ಅಂತ ಕಾರ್ಯದರ್ಶಿ ಕೇಳಿದಳು.

ಬೈಲಾಕ್ಕೆ ಒಂದು ಕಲಂ ಸೇರಿಸಿ ಅಂದೆ. ವಾರ್ಷಿಕ ಮಹಾಸಭೆಯಲ್ಲಿ ವರದಿ ವಾಚನ, ಲೆಕ್ಕಪತ್ರ ಮಂಡನೆ, ಹೊಸ ಪದಾಧಿಕಾರಿಗಳ ಆಯ್ಕೆ ಆದ ಮೇಲೆ, ಹೊಸ ಕಾರ್ಯದರ್ಶಿ ಎಲ್ಲರ ಎದುರು ಕೂತು, ಹಳಬರು ಯಾರೂ ಬಾಯಿ ಹಾಕದೆ, ಸೈಟಿನ ಒಳಗೆ ಹೋಗಿ ಆ ದಿನದ ಸಭೆಯ ಸುದ್ದಿಯನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆದು ಪ್ರಕಟಿಸಬೇಕು. ಅದು ಎಲ್ಲರ ಮೊಬೈಲಿನಲ್ಲಿ ಕಂಡ ಮೇಲೆ ಧನ್ಯವಾದ ಸಮರ್ಪಣೆ. ಸಜ್ಜಿಗೆ–ಬಜಿಲು, ಚಹಾ ಅದರ ನಂತರ. ಹಸಿದ ಸಭೆ ಯಾವ ಪಾಸ್‌ವರ್ಡನ್ನೂ ಕಳೆದುಹೋಗಲು ಬಿಡುವುದಿಲ್ಲ.